ಸಾಹಿತ್ಯವಿಲ್ಲದ ರಾಕ್: ಮೊಗ್ವೈ ಸಂಗೀತ ಒಲಿದ ಬಗೆ

ಸಂಗೀತಪ್ರಿಯರೇ,

ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಮೊಗ್ವೈ ಎಂಬ ರಾಕ್ ತಂಡವನ್ನು. 1995ರಲ್ಲಿ ಗಿಟಾರ್ ವಾದಕ ಸ್ಟುವರ್ಟ್ ಬ್ರೇತ್‌ವೇಟ್, ಬೇಸ್ ಗಿಟಾರ್ ನುಡಿಸುವ ಡೊಮಿನಿಕ್ ಏಚಿಸನ್ ಮತ್ತು ಡ್ರಮ್ಸ್ ನುಡಿಸುವ ಮಾರ್ಟಿನ್ ಬುಲಕ್ ಸೇರಿ ಕಟ್ಟಿದ ಈ ತಂಡಕ್ಕೆ ಆರಂಭದ ದಿನಗಳಲ್ಲೇ ಜಾನ್ ಕಮ್ಮಿಂಗ್ಸ್ ಎರಡನೆಯ ಗಿಟಾರ್ ವಾದಕರಾಗಿ ಬಂದರು. ಆ ದಶಕದ ಕೊನೆಯ ಹೊತ್ತಿಗೆ ಪಿಯಾನೊ ಮೊದಲಾಗಿ ಹಲವು ವಾದ್ಯಗಳನ್ನು ನುಡಿಸಬಲ್ಲ ಬ್ಯಾರಿ ಬರ್ನ್ಸ್ ಸೇರಿಕೊಂಡರು. ಕಮ್ಮಿಂಗ್ಸ್ 2015ರಲ್ಲಿ ತಂಡವನ್ನು ಬಿಟ್ಟರು. ಇವರ ರಚನೆಗಳಲ್ಲಿ ಹೆಚ್ಚಿನವುಗಳಿಗೆ ಹಾಡುಗಾರಿಕೆಯೇ ಇಲ್ಲ, ಇದ್ದ ಕಡೆಯೂ ಅದು ಬಹುಪಾಲು ಗಿಟಾರುಗಳ ಹಿಂದೆ ನಿಂತಿರುತ್ತದೆ. ಇಂತಹ ಸಂಗೀತ ಒಬ್ಬ ಕನ್ನಡದ ಕೇಳುಗನಿಗೆ ನಿಧಾನವಾಗಿ, ಹಲವು ವರ್ಷಗಳ ಅವಧಿಯಲ್ಲಿ, ಹೇಗೆ ಒಲಿಯಿತು ಎಂಬುದನ್ನು ಹೇಳುವ ನೆಪದಲ್ಲಿ ಒಂದು ಮಾತನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ: ಈ ತಂಡದ ಸಂಗೀತದಲ್ಲಿ ಸದ್ದಿನ ಏರಿಳಿತವು ಅಲಂಕಾರವಾಗಿ ಉಳಿಯದೆ ರಚನೆಯ ಅರ್ಥವನ್ನೇ ಹೊರುತ್ತದೆ, ಮತ್ತು ಆ ಏರಿಳಿತವನ್ನು ಸ್ವರವನ್ನು ಕೇಳುವಷ್ಟೇ ಸೂಕ್ಷ್ಮವಾಗಿ ಕೇಳಲು ಕಿವಿ ಪಳಗಿದ ಮೇಲೆಯೇ ಪ್ರೀತಿ ಹುಟ್ಟುತ್ತದೆ.

ನಮ್ಮ ಕಿವಿಗೆ ಇದು ಏಕೆ ಕಷ್ಟವೆಂಬುದನ್ನು ಮೊದಲು ನೋಡೋಣ. ವಾದ್ಯಸಂಗೀತ ನಮಗೆ ಹೊಸದಲ್ಲ. ವೀಣೆ, ಕೊಳಲು, ಪಿಟೀಲು, ನಾಗಸ್ವರಗಳನ್ನು ಕೇಳುತ್ತಲೇ ಬೆಳೆದವರು ಈ ಸಭೆಯಲ್ಲಿ ಅನೇಕರಿದ್ದಾರೆ. ಆದರೆ ಕರ್ನಾಟಕ ಸಂಗೀತದಲ್ಲಿ ವೈಣಿಕರು ಒಂದು ಕೃತಿಯನ್ನು ನುಡಿಸುವಾಗ ಆ ಕೃತಿಯ ಸಾಹಿತ್ಯ ಕೇಳುಗನ ಮನಸ್ಸಿನಲ್ಲಿ ಜೊತೆಜೊತೆಗೇ ನಡೆಯುತ್ತಿರುತ್ತದೆ. ಪಲ್ಲವಿ ಎಲ್ಲಿ ಮುಗಿಯಿತು, ಚರಣ ಎಲ್ಲಿ ಹಿಡಿಯಿತು ಎಂಬುದು ಮಾತು ಗೊತ್ತಿರುವುದರಿಂದಲೇ ಗೊತ್ತಾಗುತ್ತದೆ. ಒಳ್ಳೆಯ ವಾದಕರು ಸಾಹಿತ್ಯದ ಅಕ್ಷರಕ್ಕೆ ತಕ್ಕಂತೆ ಮೀಟು ಹಾಕುತ್ತಾರೆ. ಚಿತ್ರಗೀತೆಗಳನ್ನು ವಾದ್ಯದಲ್ಲಿ ನುಡಿಸಿದಾಗಲಂತೂ ಸಭೆಯೇ ಒಳಗೊಳಗೆ ಹಾಡುತ್ತಿರುತ್ತದೆ. ಆಲಾಪನೆಯಲ್ಲಿ, ಅದರಲ್ಲೂ ವೀಣೆಯ ತಾನದಲ್ಲಿ ಮಾತಿನ ಹಂಗಿಲ್ಲ ಎಂಬುದು ನಿಜ, ಮೈಸೂರು ಬಾನಿಯ ತಾನವನ್ನು ಕೇಳಿದವರಿಗೆ ಅದರ ಸ್ವತಂತ್ರ ಸೊಗಸು ಚೆನ್ನಾಗಿ ಗೊತ್ತು; ಆದರೂ ಅಲ್ಲಿ ರಾಗ ಎಂಬ ಪರಿಚಿತ ಮನೆಯಿದೆ, ಅದರ ಬಾಗಿಲು ಕಿಟಕಿಗಳು ನಮಗೆ ತಿಳಿದಿವೆ. ಮೊಗ್ವೈ ರಚನೆಯೊಂದನ್ನು ಮೊದಲ ಸಲ ಕೇಳುವ ನಮಗೆ ಸಾಹಿತ್ಯವೂ ಇಲ್ಲ, ರಾಗವೂ ಇಲ್ಲ. ಮೂರು ನಾಲ್ಕು ಸ್ವರಗಳ ಒಂದು ತುಣುಕು ಸುತ್ತಿ ಸುತ್ತಿ ಬರುತ್ತಿರುತ್ತದೆ, ಏನೋ ಆಗಲಿದೆ ಎಂದು ಕಾಯುತ್ತೇವೆ, ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಎಲ್ಲವೂ ಆಗಿಬಿಡುತ್ತದೆ.

ಶೀರ್ಷಿಕೆಗಳನ್ನು ನೋಡಿ ಅರ್ಥ ಹಿಡಿಯೋಣವೆಂದರೆ ಅದಕ್ಕೂ ಅವಕಾಶವಿಲ್ಲ. ‘ಯೂ ಆರ್ ಲಯೊನೆಲ್ ರಿಚಿ’, ‘ಐ ಆ್ಯಮ್ ಜಿಮ್ ಮಾರಿಸನ್, ಐ ಆ್ಯಮ್ ಡೆಡ್’, ‘ಗ್ಲಾಸ್ಗೋ ಮೆಗಾ-ಸ್ನೇಕ್’ ಎಂಬಂಥ ಹೆಸರುಗಳು ಬಹುತೇಕ ಗೆಳೆಯರ ನಡುವಿನ ತಮಾಷೆಗಳು, ಒಳಗಿನ ಸಂಗೀತಕ್ಕೂ ಅವಕ್ಕೂ ಸಂಬಂಧ ಹುಡುಕುವುದು ವ್ಯರ್ಥ. ಗಂಭೀರವಾದ, ಕೆಲವೊಮ್ಮೆ ಎದೆ ಭಾರವಾಗಿಸುವ ಸಂಗೀತಕ್ಕೆ ಇಂತಹ ಪೋಲಿ ಹೆಸರುಗಳನ್ನು ಇಡುವುದು ನನಗೆ ಮೊದಮೊದಲು ಹುಡುಗಾಟವೆಂದು ತೋರುತ್ತಿತ್ತು. ಈಗ ಅದರಲ್ಲೊಂದು ವಿವೇಕ ಕಾಣುತ್ತದೆ. ‘ವಿರಹ’ ಎಂದೋ ‘ಸಂಜೆ’ ಎಂದೋ ಹೆಸರಿಟ್ಟಿದ್ದರೆ ಕೇಳುಗನು ಆ ಹೆಸರನ್ನೇ ಕೇಳುತ್ತಿದ್ದನು; ಅರ್ಥವಿಲ್ಲದ ಹೆಸರು ಅವನನ್ನು ಸದ್ದಿನ ಕಡೆಗೇ ತಳ್ಳುತ್ತದೆ.

ಈಗ ‘ಲೈಕ್ ಹೆರಡ್’ ಎಂಬ ರಚನೆಗೆ ಬರುತ್ತೇನೆ. ಇದು 1997ರಲ್ಲಿ, ಗ್ಲಾಸ್ಗೋದ ಕೆಮಿಕಲ್ ಅಂಡರ್‌ಗ್ರೌಂಡ್ ಸಂಸ್ಥೆಯಿಂದ ಹೊರಬಂದ ‘ಮೊಗ್ವೈ ಯಂಗ್ ಟೀಮ್’ ಎಂಬ ಅವರ ಮೊದಲ ಆಲ್ಬಂನಲ್ಲಿದೆ. ಹನ್ನೊಂದು ನಿಮಿಷಕ್ಕೂ ಹೆಚ್ಚು ಉದ್ದವಿದೆ. ತಂಡದವರು ಇದನ್ನು ಕಟ್ಟುತ್ತಿದ್ದಾಗ ಇಟ್ಟುಕೊಂಡಿದ್ದ ತಾತ್ಕಾಲಿಕ ಹೆಸರು ‘ಸ್ಲಿಂಟ್’. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಆ ಹೆಸರಿನ ತಂಡವು 1991ರಲ್ಲಿ ತಂದ ‘ಸ್ಪೈಡರ್‌ಲ್ಯಾಂಡ್’ ಎಂಬ ಆಲ್ಬಂ, ಪಿಸುಮಾತಿನಷ್ಟು ಮೆಲ್ಲಗೆ ನುಡಿಸುತ್ತ ಇದ್ದಕ್ಕಿದ್ದಂತೆ ಅಬ್ಬರಿಸುವ ಕ್ರಮಕ್ಕೆ ದಾರಿ ತೋರಿದ್ದನ್ನು ಈ ಹುಡುಗರು ಬಹಿರಂಗವಾಗಿಯೇ ಒಪ್ಪಿಕೊಂಡಂತಾಯಿತು. ರಚನೆ ಬೇಸ್ ಗಿಟಾರಿನ ಒಂದು ತಗ್ಗುದನಿಯ ನಡೆಯಿಂದ ಸಾಗುತ್ತದೆ. ಗಿಟಾರುಗಳು ಅದರ ಸುತ್ತ ಸಣ್ಣದಾಗಿ ಓಡಾಡುತ್ತವೆ. ಸುಮಾರು ಮೂರು ನಿಮಿಷದ ಹೊತ್ತಿಗೆ ಎಲ್ಲವೂ ನಿಂತೇಹೋಯಿತೇನೋ ಎಂಬಷ್ಟು ತೆಳುವಾಗುತ್ತದೆ, ಕೇಳುಗ ಕಿವಿಯನ್ನು ಇನ್ನಷ್ಟು ಹತ್ತಿರ ತರುತ್ತಾನೆ, ಅದೇ ಗಳಿಗೆಯಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಗಿಟಾರುಗಳು ಸಿಡಿಯುತ್ತವೆ. ಸ್ವಲ್ಪ ಹೊತ್ತಿಗೆ ಮುನ್ನ ಈ ತುಣುಕನ್ನು ಇಲ್ಲಿ ಹಾಕಿದಾಗ ಮುಂದಿನ ಸಾಲಿನವರಲ್ಲಿ ಕೆಲವರು ಬೆಚ್ಚಿದ್ದನ್ನು ನೋಡಿದೆ.

ಆ ಬೆಚ್ಚುವಿಕೆ ಮೊದಲ ಮೆಟ್ಟಿಲು ಮಾತ್ರ. ಎರಡನೆಯ ಸಲ ಕೇಳುವಾಗ ಸಿಡಿತ ಎಲ್ಲಿದೆಯೆಂದು ಗೊತ್ತಿರುತ್ತದೆ, ಆದ್ದರಿಂದ ಬೆಚ್ಚುವುದಿಲ್ಲ. ಬರಿಯ ಆಘಾತದ ಮೇಲೆ ನಿಂತ ಸಂಗೀತವಾಗಿದ್ದರೆ ಅದು ಅಲ್ಲಿಗೇ ತೀರಿಹೋಗಬೇಕಿತ್ತು. ಹಾಗಾಗಲಿಲ್ಲ. ಮತ್ತೆ ಮತ್ತೆ ಕೇಳುತ್ತಾ ಬಂದಂತೆ ನನ್ನ ಗಮನ ಸಿಡಿತದಿಂದ ಹಿಂದಕ್ಕೆ, ಅದಕ್ಕೆ ಮುಂಚಿನ ಮೂರು ನಿಮಿಷಗಳ ಕಡೆಗೆ ಸರಿಯಿತು. ಬುಲಕ್ ಅವರು ಡ್ರಮ್ಸನ್ನು ಎಷ್ಟು ಹಿಡಿತದಲ್ಲಿ ನುಡಿಸುತ್ತಾರೆ, ಎರಡು ಗಿಟಾರುಗಳು ಒಂದರ ಜಾಗಕ್ಕೆ ಇನ್ನೊಂದು ನುಗ್ಗದಂತೆ ಹೇಗೆ ಹಂಚಿಕೊಳ್ಳುತ್ತವೆ, ಏಚಿಸನ್ ಅವರ ಬೇಸ್ ಗಿಟಾರು ಹೇಗೆ ಅಡಿಪಾಯವಾಗಿರುವ ಬದಲು ಹಾಡುಗಾರನ ಸ್ಥಾನದಲ್ಲಿ ಕುಳಿತಿದೆ ಎಂಬುದೆಲ್ಲ ಆಗ ಕೇಳಿಸತೊಡಗಿತು. ಬಿಬಿಸಿ ರೇಡಿಯೊಗಾಗಿ ನುಡಿಸಿದ ರಚನೆಗಳನ್ನು ಸೇರಿಸಿ 2005ರಲ್ಲಿ ತಂದ ಸಂಕಲನದಲ್ಲಿ ಇದೇ ರಚನೆ ಹದಿನೆಂಟು ನಿಮಿಷಗಳಿಗೂ ಮೀರಿ ಬೆಳೆದಿದೆ. ಅಷ್ಟು ಬೆಳೆಯಲು ಅದರಲ್ಲಿ ಹೊಸ ಸ್ವರಗಳೇನೂ ಸೇರಿಲ್ಲ, ಕಾಯುವಿಕೆ ಉದ್ದವಾಗಿದೆ ಅಷ್ಟೇ.

ಸದ್ದಿನ ಲೆಕ್ಕವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಸದ್ದಿನ ಮಟ್ಟವನ್ನು ಅಳೆಯುವ ಡೆಸಿಬೆಲ್ ಎಂಬುದು ಸಾಮಾನ್ಯ ಅಳತೆಕೋಲಿನಂಥದ್ದಲ್ಲ. ಮಟ್ಟವು 10 ಡೆಸಿಬೆಲ್ ಏರಿದರೆ ಸದ್ದಿನ ತೀವ್ರತೆ ಹತ್ತು ಪಟ್ಟಾಗುತ್ತದೆ, ಆದರೆ ನಮ್ಮ ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರಾದಂತೆ ಮಾತ್ರ ಕೇಳುತ್ತದೆ. ಮಾತುಕತೆಯ 60 ಡೆಸಿಬೆಲ್‌ನಿಂದ ರಾಕ್ ಕಛೇರಿಯ 100 ಡೆಸಿಬೆಲ್‌ಗೆ ಹೋದರೆ ತೀವ್ರತೆ ಹತ್ತು ಸಾವಿರ ಪಟ್ಟು ಹೆಚ್ಚಿರುತ್ತದೆ. ಇಷ್ಟು ದೊಡ್ಡ ಅಂತರವನ್ನು ನಾಲ್ಕೈದು ಜನರ ತಂಡವೊಂದು ಒಂದೇ ರಚನೆಯೊಳಗೆ ಸುಲಭವಾಗಿ ದುಡಿಸಿಕೊಳ್ಳಲು ವಿದ್ಯುತ್ ವಾದ್ಯಗಳು ಅನುವು ಮಾಡಿಕೊಡುತ್ತವೆ. ಇನ್ನೊಂದು ಸಂಗತಿ ಡಿಸ್ಟಾರ್ಷನ್, ಅಂದರೆ ಗಿಟಾರಿನ ಸಂಕೇತವನ್ನು ಯಂತ್ರದ ಮಿತಿಯನ್ನು ದಾಟುವಷ್ಟು ಹಿಗ್ಗಿಸಿ, ಅಲೆಯ ತುದಿಗಳನ್ನು ಕತ್ತರಿಸಿಹಾಕುವ ಕ್ರಿಯೆ. ಹಾಗೆ ಕತ್ತರಿಸಿದಾಗ ಮೂಲದಲ್ಲಿಲ್ಲದ ಹೊಸ ಮೇಲುಸ್ವರಗಳು, ಅಂದರೆ ನುಡಿಸಿದ ಸ್ವರದ ಜೊತೆಗೇ ಮೊಳಗುವ ಇನ್ನೂ ಮೇಲಿನ ನಾದಗಳು, ಹುಟ್ಟುತ್ತವೆ, ಮೆಲ್ಲನೆಯ ಭಾಗವೂ ಜೋರಾದ ಭಾಗವೂ ಹೆಚ್ಚುಕಡಿಮೆ ಒಂದೇ ಸದ್ದಿನ ಮಟ್ಟಕ್ಕೆ ಬರುವುದರಿಂದ ಸ್ವರ ಬಹಳ ಹೊತ್ತು ನಿಂತಂತೆ ಕೇಳುತ್ತದೆ. ವೀಣೆಯಲ್ಲಿ ಮೀಟಿದ ನಾದ ಕ್ಷಣಕ್ಷಣಕ್ಕೂ ಕ್ಷೀಣಿಸುತ್ತದೆ, ಆ ಕ್ಷೀಣಿಸುವ ನಾದದೊಳಗೇ ವೈಣಿಕರು ಗಮಕವನ್ನು ಎಳೆಯುತ್ತಾರೆ. ಡಿಸ್ಟಾರ್ಷನ್ ಹಾಕಿದ ಗಿಟಾರು ತಂತಿವಾದ್ಯದ ಈ ಸಹಜ ಗುಣವನ್ನು ಕಳೆದುಕೊಂಡು ಊದುವ ವಾದ್ಯದ ಗುಣವನ್ನು ಪಡೆಯುತ್ತದೆ. ಗದ್ದಲವೆಂದು ನಾವು ತಳ್ಳಿಹಾಕುವುದರ ಒಳಗೆ ಇಂತಹ ಮೇಲುಸ್ವರಗಳ ದಟ್ಟಣೆಯಿದೆ; ಹಲವು ಸಲ ಕೇಳಿದ ಮೇಲೆ ಅದರೊಳಗಿಂದ ಯಾರೂ ನುಡಿಸದ ರಾಗಛಾಯೆಗಳು ಎದ್ದುಬರುವುದು ಈ ಸಂಗೀತದ ದೊಡ್ಡ ಸುಖಗಳಲ್ಲಿ ಒಂದು.

ಆದ್ದರಿಂದಲೇ ಇದನ್ನು ಎಲ್ಲಿ ಕೇಳುತ್ತೇವೆ ಎಂಬುದು ಮುಖ್ಯವಾಗುತ್ತದೆ. ಬಸ್ಸಿನ ಗದ್ದಲದಲ್ಲಿ ಸಣ್ಣ ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಮೆಲ್ಲನೆಯ ಭಾಗ ಪೂರ್ತಿ ಮುಳುಗಿಹೋಗಿ ಅಬ್ಬರದ ಭಾಗ ಮಾತ್ರ ಉಳಿಯುತ್ತದೆ, ಅಂದರೆ ಅರ್ಧ ರಚನೆಯನ್ನು ಕೇಳಿದಂತಾಗುತ್ತದೆ. ಮನೆಯಲ್ಲಿ, ಸಾಧಾರಣವಾದರೂ ಸರಿಯಾದ ಸ್ಪೀಕರುಗಳಲ್ಲಿ, ಫ್ಯಾನ್ ಆರಿಸಿ ಕೇಳಬೇಕು. ಜೋರಾಗಿ ಕೇಳುವುದಕ್ಕೂ ಮಿತಿಯಿದೆ: ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಸ್ಥಳಗಳಿಗೆ ನೀಡಿದ ಮಾರ್ಗಸೂಚಿಯಲ್ಲಿ ಸದ್ದಿನ ಸರಾಸರಿ ಮಟ್ಟ 100 ಡೆಸಿಬೆಲ್ ದಾಟಬಾರದೆಂದಿದೆ. ಈ ಬಗೆಯ ಕಛೇರಿಗೆ ಹೋಗುವ ಯುವಕರು ಕಿವಿಗೆ ಹತ್ತಿಯಲ್ಲ, ಅದಕ್ಕೆಂದೇ ಮಾಡಿದ ಇಯರ್‌ಪ್ಲಗ್ ಹಾಕಿಕೊಳ್ಳಬೇಕು. ಅದರಿಂದ ಸುಖವೇನೂ ಕಡಿಮೆಯಾಗುವುದಿಲ್ಲ.

ಮೊದಲ ಆಲ್ಬಂನ ಕೊನೆಯ ರಚನೆಯಾದ ‘ಮೊಗ್ವೈ ಫಿಯರ್ ಸೇಟನ್’ ಹದಿನಾರು ನಿಮಿಷ ದಾಟುತ್ತದೆ. ಗಿಟಾರ್ ವಾದಕರು ಕಾರ್ಡ್ ಎಂದು ಕರೆಯುವ ಸ್ವರಗುಚ್ಛಗಳು ಇದರಲ್ಲಿ ಮೂರೇ ಮೂರು, ಅವೇ ಕೊನೆಯವರೆಗೆ ಸುತ್ತುತ್ತವೆ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದರೆ ಯಾರಾದರೂ ಬಡತನವೆಂದಾರು. ಕೇಳುವಾಗ ಮಾತ್ರ ಡ್ರಮ್ಸ್ ಉರುಳುತ್ತಲೇ ಇರುತ್ತದೆ, ಗಿಟಾರುಗಳ ಪದರಗಳು ಸೇರುತ್ತ ಕಳಚುತ್ತ ಹೋಗುತ್ತವೆ, ಎಲ್ಲ ಅಬ್ಬರದ ಮೇಲೆ ಒಂದು ಕೊಳಲಿನ ದನಿ ತೇಲಿಬರುತ್ತದೆ. ಸ್ವರ ಬದಲಾಗದೆ ಇರುವಾಗ ಬೇರೇನೇನು ಬದಲಾಗಬಹುದು ಎಂಬುದನ್ನು ಈ ರಚನೆ ಕಲಿಸಿತು. ನನ್ನ ಮಟ್ಟಿಗೆ ಪ್ರೀತಿ ಹುಟ್ಟಿದ್ದು ಇಲ್ಲಿ, ‘ಲೈಕ್ ಹೆರಡ್’ನಲ್ಲಿ ಅಲ್ಲ.

ಎರಡನೆಯ ಆಲ್ಬಂ ‘ಕಮ್ ಆನ್ ಡೈ ಯಂಗ್’ 1999ರಲ್ಲಿ ಬಂದಿತು. ಇದನ್ನು ನ್ಯೂಯಾರ್ಕ್ ರಾಜ್ಯದ ಟಾರ್‌ಬಾಕ್ಸ್ ರೋಡ್ ಸ್ಟುಡಿಯೊದಲ್ಲಿ ನಿರ್ಮಾಪಕ ಡೇವ್ ಫ್ರಿಡ್‌ಮನ್ ಅವರ ನೇತೃತ್ವದಲ್ಲಿ ಧ್ವನಿಮುದ್ರಿಸಿದರು. ಮೊದಲ ಆಲ್ಬಂನ ಅಬ್ಬರಕ್ಕೆ ಒಲಿದವರು ಇನ್ನೂ ಹೆಚ್ಚಿನ ಅಬ್ಬರವನ್ನು ನಿರೀಕ್ಷಿಸಿದ್ದರೆ, ಇವರು ಸಂಯಮದ, ಬಹುಪಾಲು ತಗ್ಗುದನಿಯ ಒಂದು ದೀರ್ಘ ಆಲ್ಬಂ ಕೊಟ್ಟರು. ತಂಡಕ್ಕೆ ಹೆಸರು ತಂದ ತಂತ್ರವನ್ನು ಎರಡನೆಯ ಹೆಜ್ಜೆಗೇ ಪಕ್ಕಕ್ಕಿಡಲು ಧೈರ್ಯ ಬೇಕು. ಇದರಲ್ಲಿನ ‘ಕ್ರಿಸ್ಮಸ್ ಸ್ಟೆಪ್ಸ್’ ಒಂದೇ ಗಿಟಾರಿನ ಮೆಲ್ಲನೆಯ ಮೀಟಿನಿಂದ ತೊಡಗಿ, ಲಯವನ್ನು ಸಾವಕಾಶವಾಗಿ ಬಿಗಿಗೊಳಿಸುತ್ತ ಶಿಖರಕ್ಕೇರಿ, ಆಮೇಲೆ ಪಿಟೀಲಿನೊಂದಿಗೆ ಬಹಳ ಹೊತ್ತು ಇಳಿಯುತ್ತದೆ. ಏರುವುದನ್ನು ಎಲ್ಲರೂ ಬಲ್ಲರು. ಇಳಿಯುವುದಕ್ಕೆ ಇಷ್ಟು ಸಮಯ ಕೊಡುವ ರಾಕ್ ತಂಡಗಳು ವಿರಳ. ಆಲಾಪ, ಜೋಡ್, ಝಾಲಾ ಎಂದು ಏರುವ ಸಿತಾರ್ ವಾದನವನ್ನು ಕೇಳಿ ಅಭ್ಯಾಸವಿರುವವರಿಗೆ ಏರಿಕೆಯ ಭಾಗ ಸುಲಭವಾಗಿ ದಕ್ಕುತ್ತದೆ, ಇಳಿಕೆಗೆ ಮಾತ್ರ ಹೊಸ ತಾಳ್ಮೆ ಬೇಕಾಗುತ್ತದೆ.

ಮನುಷ್ಯನ ದನಿಯನ್ನು ಇವರು ಬಳಸುವ ಕ್ರಮವೂ ಗಮನಾರ್ಹ. 2003ರ ‘ಹ್ಯಾಪಿ ಸಾಂಗ್ಸ್ ಫಾರ್ ಹ್ಯಾಪಿ ಪೀಪಲ್’ ಆಲ್ಬಂನ ‘ಹಂಟೆಡ್ ಬೈ ಅ ಫ್ರೀಕ್’ ರಚನೆಯಲ್ಲಿ ಬರ್ನ್ಸ್ ಹಾಡುತ್ತಾರೆ, ಆದರೆ ದನಿಯನ್ನು ವೊಕೋಡರ್ ಎಂಬ ಉಪಕರಣದ ಮೂಲಕ ಹಾಯಿಸಿರುವುದರಿಂದ ಒಂದು ಪದವೂ ಸ್ಪಷ್ಟವಾಗುವುದಿಲ್ಲ. ಹಾಡುವವನ ಭಾವ ತಲುಪುತ್ತದೆ, ಮಾತು ತಲುಪುವುದಿಲ್ಲ.

ಇಷ್ಟು ಹೇಳಿ, ಈ ಉಪನ್ಯಾಸದ ಮುಖ್ಯ ರಚನೆಗೆ ಬರುತ್ತೇನೆ. 2001ರಲ್ಲಿ ಒಂದೇ ಒಂದು ರಚನೆಯ ಮುದ್ರಿಕೆಯಾಗಿ ಹೊರಬಂದ ‘ಮೈ ಫಾದರ್ ಮೈ ಕಿಂಗ್’ ಇಪ್ಪತ್ತು ನಿಮಿಷಗಳಷ್ಟು ದೀರ್ಘವಾದದ್ದು. ಇದನ್ನು ಧ್ವನಿಮುದ್ರಿಸಿದವರು ಶಿಕಾಗೊದ ಸ್ಟೀವ್ ಆಲ್ಬಿನಿ. ಇದರ ಧಾಟಿ ಮೊಗ್ವೈ ತಂಡದ್ದಲ್ಲ. ಅದು ‘ಅವಿನು ಮಲ್ಕೇನು’ ಎಂಬ ಯಹೂದಿ ಪ್ರಾರ್ಥನೆಯದು, ಅಂದರೆ ಯಹೂದಿಗಳ ಹೊಸ ವರ್ಷದಿಂದ ಪ್ರಾಯಶ್ಚಿತ್ತದ ದಿನದವರೆಗಿನ ಪವಿತ್ರ ಅವಧಿಯಲ್ಲಿ ದೇವರನ್ನು ತಂದೆಯೆಂದೂ ಅರಸನೆಂದೂ ಕರೆದು ಕ್ಷಮೆ ಬೇಡುವ ಪ್ರಾರ್ಥನೆ. ಅಮೆರಿಕದ ಸಂಗೀತ ನಿರ್ಮಾಪಕ ಆರ್ಥರ್ ಬೇಕರ್ ಈ ಧಾಟಿಯನ್ನು ತಂಡಕ್ಕೆ ಪರಿಚಯಿಸಿದರು. ಮೊಗ್ವೈ ಅದನ್ನು ಒಂದು ಪದವನ್ನೂ ಹಾಡದೆ ಗಿಟಾರಿನಲ್ಲಿ ಎತ್ತಿಕೊಳ್ಳುತ್ತದೆ. ಮೊದಲು ಧಾಟಿ ಬರಿದಾಗಿ, ಯಾವ ಆಸರೆಯೂ ಇಲ್ಲದಂತೆ ಕೇಳುತ್ತದೆ. ಆವೃತ್ತಿಯಿಂದ ಆವೃತ್ತಿಗೆ ಅದರ ಮೇಲೆ ತೂಕ ಬೀಳುತ್ತ ಹೋಗುತ್ತದೆ. ಕೊನೆಯ ನಿಮಿಷಗಳಲ್ಲಿ ಧಾಟಿಯೇ ಇಲ್ಲವಾಗಿ ಬರಿಯ ಮೊರೆತ ಉಳಿಯುತ್ತದೆ. ಬಹುಕಾಲ ಈ ರಚನೆಯಿಂದ ಅವರು ಕಛೇರಿಗಳನ್ನು ಮುಗಿಸುತ್ತಿದ್ದರು.

ಇಲ್ಲಿ ನಮ್ಮ ಮೊದಲ ಪ್ರಶ್ನೆ ತಿರುವು ಪಡೆಯುತ್ತದೆ. ಆ ಪ್ರಾರ್ಥನೆಯನ್ನು ಬಾಲ್ಯದಿಂದ ಕೇಳಿಬಲ್ಲ ಯಹೂದಿ ಕೇಳುಗನು ಈ ರಚನೆಯನ್ನು ಕೇಳುವಾಗ, ವೀಣೆಯಲ್ಲಿ ಪರಿಚಿತ ಕೃತಿಯನ್ನು ಕೇಳುವ ನಮ್ಮಂತೆಯೇ, ಮಾತನ್ನು ಒಳಗೆ ಹಾಡಿಕೊಳ್ಳುತ್ತಾನೆ. ನಾನು ಕೇಳುವಾಗ ಆ ಮಾತು ನನ್ನಲ್ಲಿಲ್ಲ. ಹಾಗಿದ್ದೂ ಧಾಟಿಯಲ್ಲಿ ಒಂದು ಬೇಡಿಕೆಯಿದೆ ಎಂಬುದು, ಮೂಲ ಯಾವುದೆಂದು ತಿಳಿಯುವ ಮೊದಲೇ, ನನ್ನ ಅನುಭವಕ್ಕೆ ಬಂದಿತ್ತು. ಸ್ವರಗಳಿಂದ ಅದು ಬಂದಿತೆಂದು ಹೇಳಿದರೆ ಅರ್ಧ ಸತ್ಯವಾದೀತು. ಬೇಡಿದ್ದನ್ನೇ ಬೇಡುವುದು, ಪ್ರತಿಸಲವೂ ಇನ್ನಷ್ಟು ಗಟ್ಟಿಯಾಗಿ ಬೇಡುವುದು, ಕೊನೆಗೆ ಮಾತೇ ಉಳಿಯದಷ್ಟು ಗಟ್ಟಿಯಾಗಿ ಕೂಗುವುದು, ಇದು ಬೇಡುವವನ ಕ್ರಮವೇ ಆಗಿದೆ. ಸದ್ದಿನ ಏರಿಕೆ ಇಲ್ಲಿ ಸಾಹಿತ್ಯದ ಕೆಲಸವನ್ನು ಮಾಡುತ್ತಿದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ. ಭಕ್ತಿಗೆ ಇಷ್ಟು ಕರ್ಕಶತೆ ತಕ್ಕದ್ದೇ ಎಂದು ಕೇಳುವವರಿದ್ದಾರೆ. ಕ್ಷಮೆಯ ಮೊರೆ ಇಂಪಾಗಿಯೇ ಇರಬೇಕೆಂಬುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಚಲನಚಿತ್ರಗಳಿಗೆ ಇವರು ಕೊಟ್ಟ ಸಂಗೀತದ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ. ಡಗ್ಲಸ್ ಗಾರ್ಡನ್ ಮತ್ತು ಫಿಲಿಪ್ ಪಾರೆನೊ ಎಂಬ ಇಬ್ಬರು ಕಲಾವಿದರು 2005ರ ಏಪ್ರಿಲ್ 23ರಂದು ರಿಯಲ್ ಮ್ಯಾಡ್ರಿಡ್ ಮತ್ತು ವಿಯಾರಿಯಲ್ ನಡುವಿನ ಫುಟ್ಬಾಲ್ ಪಂದ್ಯದಲ್ಲಿ ಹದಿನೇಳು ಕ್ಯಾಮೆರಾಗಳನ್ನು ಆಟಗಾರ ಜಿನೆದಿನ್ ಜಿದಾನ್ ಒಬ್ಬರ ಮೇಲೆಯೇ ನೆಟ್ಟು ಮಾಡಿದ ಚಿತ್ರಕ್ಕೆ ಮೊಗ್ವೈ ಸಂಗೀತವಿದೆ. ಪಂದ್ಯದ ಕೊನೆಯಲ್ಲಿ ಜಿದಾನ್ ಜಗಳವಾಡಿ ಹೊರಹಾಕಲ್ಪಡುತ್ತಾರೆ. ಅಬ್ಬರಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ, ಆದರೆ ಇವರ ಸಂಗೀತ ಚಿತ್ರದುದ್ದಕ್ಕೂ ಬಹುತೇಕ ಮೆಲುದನಿಯಲ್ಲೇ ನಡೆಯುತ್ತದೆ. ಸತ್ತವರು ಹಿಂದಿರುಗಿ ಬರುವ ಕತೆಯ ‘ಲೆ ರೆವನಾಂ’ ಎಂಬ ಫ್ರೆಂಚ್ ಟಿವಿ ಧಾರಾವಾಹಿಗೆ ಇವರು ಚಿತ್ರೀಕರಣಕ್ಕೆ ಮೊದಲೇ ಸಂಗೀತ ರಚಿಸತೊಡಗಿದ್ದರು. 2013ರಲ್ಲಿ ಅದು ಆಲ್ಬಂ ಆಗಿ ಬಂದಿತು. ಅಣುಯುಗವನ್ನು ಕುರಿತ ಮಾರ್ಕ್ ಕಸಿನ್ಸ್ ಅವರ ಸಾಕ್ಷ್ಯಚಿತ್ರಕ್ಕೆ ಮಾಡಿದ ಸಂಗೀತ 2016ರಲ್ಲಿ ‘ಅಟಾಮಿಕ್’ ಎಂಬ ಹೆಸರಿನಲ್ಲಿ ಹೊರಬಂದಿತು. ಹಿನ್ನೆಲೆ ಸಂಗೀತವಾಗಿ ಬಂದರೂ ಒಂಟಿಯಾಗಿ ನಿಲ್ಲಬಲ್ಲ ಗುಣ ಇವುಗಳಲ್ಲಿದೆ, ‘ಲೆ ರೆವನಾಂ’ನಲ್ಲಂತೂ ವಿಶೇಷವಾಗಿ.

ಈ ಹಾದಿಯಲ್ಲಿ ಮೊಗ್ವೈ ಒಂಟಿಯಲ್ಲ. ಟೆಕ್ಸಸ್‌ನ ಎಕ್ಸ್‌ಪ್ಲೋಷನ್ಸ್ ಇನ್ ದ ಸ್ಕೈ, ಜಪಾನಿನ ಮೊನೊ ಮೊದಲಾದ ತಂಡಗಳಿವೆ, ನಮ್ಮ ಬೆಂಗಳೂರಿನಲ್ಲೇ ಅನ್‌ಟಿಲ್ ವಿ ಲಾಸ್ಟ್ ಎಂಬ ತಂಡವಿದೆ. ಪೋಸ್ಟ್-ರಾಕ್ ಎಂಬ ಹಣೆಪಟ್ಟಿಯನ್ನು ಇವರೆಲ್ಲರಿಗೂ ಅಂಟಿಸುತ್ತಾರೆ. ಈ ಬಗೆಯ ಸಂಗೀತದ ದೊಡ್ಡ ಅಪಾಯವೆಂದರೆ ಸೂತ್ರ: ಮೆಲ್ಲಗೆ ತೊಡಗು, ಪದರ ಸೇರಿಸು, ಏಳನೆಯ ನಿಮಿಷಕ್ಕೆ ಸಿಡಿಸು. ಇದನ್ನು ಯಾರು ಬೇಕಾದರೂ ಅನುಕರಿಸಬಹುದು, ಅನೇಕರು ಅನುಕರಿಸಿದ್ದಾರೆ. ಮೊಗ್ವೈ ಅದರಿಂದ ಪಾರಾದದ್ದು ಸಿಡಿತವನ್ನು ಕೊಡದೆ ಇರುವುದನ್ನು ಕಲಿತಿದ್ದರಿಂದ. 2006ರ ‘ಮಿಸ್ಟರ್ ಬೀಸ್ಟ್’ ಆಲ್ಬಂನ ಮೊದಲ ರಚನೆ ‘ಆಟೊ ರಾಕ್’ನಲ್ಲಿ ಪಿಯಾನೊದ ಒಂದೇ ತುಣುಕು ಏರುತ್ತ ಏರುತ್ತ ಹೋಗುತ್ತದೆ, ಡ್ರಮ್ಸ್ ಭಾರವಾಗುತ್ತದೆ, ಸಿಡಿತ ಬರಲೇಬೇಕು ಎನ್ನುವ ಹಂತದಲ್ಲಿ ರಚನೆ ಮುಗಿದುಹೋಗುತ್ತದೆ. ಹಾಗೆಂದು ಅವರ ಎಲ್ಲ ಆಲ್ಬಂಗಳೂ ನನಗೆ ಸಮನಾಗಿ ಪ್ರಿಯವೆಂದು ತಿಳಿಯಬಾರದು; 2014ರ ‘ರೇವ್ ಟೇಪ್ಸ್’ ಇಂದಿಗೂ ನನಗೆ ತುಸು ತಣ್ಣಗೆನಿಸುತ್ತದೆ.

2021ರ ಫೆಬ್ರವರಿಯಲ್ಲಿ ಅವರ ಹತ್ತನೆಯ ಸ್ಟುಡಿಯೊ ಆಲ್ಬಂ ‘ಆ್ಯಸ್ ದ ಲವ್ ಕಂಟಿನ್ಯೂಸ್’ ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಸಾಂಕ್ರಾಮಿಕದ ಕಾರಣ, ಎರಡನೆಯ ಆಲ್ಬಂನ ನಿರ್ಮಾಪಕರೇ ಆದ ಫ್ರಿಡ್‌ಮನ್ ಅಮೆರಿಕದಲ್ಲೇ ಕುಳಿತು ವಿಡಿಯೊ ಕರೆಯ ಮೂಲಕ ನಿರ್ದೇಶಿಸಿದರೆ, ತಂಡದವರು ಇಂಗ್ಲೆಂಡಿನ ಸ್ಟುಡಿಯೊದಲ್ಲಿ ನುಡಿಸಿದ್ದರು. ತಂಡ ಹುಟ್ಟಿ ಇಪ್ಪತ್ತೈದು ವರ್ಷ ಕಳೆದ ಮೇಲೆ, ಬಹುಪಾಲು ಹಾಡುಗಾರಿಕೆಯೇ ಇಲ್ಲದ ಆಲ್ಬಂಗೆ ಇಂತಹ ಸ್ಥಾನ ಸಿಕ್ಕಿದ್ದು ಅಪರೂಪವೇ ಸರಿ.

ಉಪನ್ಯಾಸದ ಕೊನೆಯಲ್ಲಿ ಸಭಿಕರೊಬ್ಬರು, ಇವರು ಮಾತು ಸೇರಿಸಿ ಹಾಡಿದಾಗ ಏನಾಗುತ್ತದೆ ಎಂದು ಕೇಳಿದರು. ಹಾಡಿದ ಉದಾಹರಣೆಗಳಿವೆ: 1999ರ ‘ಕೋಡಿ’, 2001ರ ‘ಟೇಕ್ ಮಿ ಸಮ್‌ವೇರ್ ನೈಸ್’, ಈಗ ಹೇಳಿದ 2021ರ ಆಲ್ಬಂನ ‘ರಿಚಿ ಸ್ಯಾಕ್ರಮೆಂಟೊ’. ಈ ಕೊನೆಯದನ್ನು ಬ್ರೇತ್‌ವೇಟ್ ತೀರಿಹೋದ ತಮ್ಮ ಸಂಗೀತಗಾರ ಗೆಳೆಯರ ನೆನಪಿಗಾಗಿ ಹಾಡಿದ್ದಾರೆ. ಅದು ಚೆಲುವಾದ ಹಾಡು, ಹೊಸಬರಿಗೆ ಈ ತಂಡವನ್ನು ಪರಿಚಯಿಸುವುದಕ್ಕೆ ಅನುಕೂಲವಾದದ್ದೂ ಹೌದು. ಆದರೆ ಅಲ್ಲಿ ಗಿಟಾರುಗಳು ದನಿಗೆ ದಾರಿ ಬಿಟ್ಟು ನಿಲ್ಲುತ್ತವೆ, ಏರಿಳಿತ ಹಾಡಿನ ಅಳತೆಗೆ ತಗ್ಗುತ್ತದೆ, ಯಾರ ನೆನಪು, ಎಂತಹ ದುಃಖ ಎಂಬುದನ್ನು ಮಾತು ಮುಂಚಿತವಾಗಿಯೇ ತೀರ್ಮಾನಿಸಿಬಿಡುತ್ತದೆ. ಅದೇ ಆಲ್ಬಂನ ಮೊದಲ ರಚನೆಯನ್ನು ಅದರ ಪಕ್ಕದಲ್ಲಿಟ್ಟು ಕೇಳಿದರೆ ನನಗೆ ಎರಡನ್ನೂ ಉಳಿಸಿಕೊಳ್ಳಬೇಕೆನಿಸುತ್ತದೆ, ಒಂದನ್ನೇ ಆರಿಸಿಕೊಳ್ಳಬೇಕಾಗಿ ಬಂದರೆ ಹಾಡುಗಾರಿಕೆಯಿಲ್ಲದ ಆ ಮೊದಲ ರಚನೆಯನ್ನು ಆರಿಸಿಕೊಳ್ಳುತ್ತೇನೆ.